ದಾರಿ ತೋರಿಸಿದ ಹಾಸನದ ನನ್ನವರಿಗೆ

ಪೀಣ್ಯದ ಒಂದು ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿಯ ಟೆಸ್ಟಿಂಗ್ ವಿಭಾಗದಲ್ಲಿ ನನಗೆ ಟ್ರೈನಿ ಇಂಜಿನಿಯರ್ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಸೇರಬೇಕು. ಇದರ ಹಿಂದೆ ಹಾಸನದ ತುಂಬಾ ಜನರ ಶ್ರಮ ಇದೆ. ಅವರಿಗೆಲ್ಲ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು ಅನಿಸಿತು. ಹೆಸರು ಹಾಕಬೇಡ ಅಂತ ಕೆಲವರು ಹೇಳಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ನಾನು ಆಲೂರು ಕಡೆಯವಳು. ಎಲೆಕ್ಟ್ರಿಕಲ್ ಬ್ರಾಂಚ್ ತಗೊಂಡಾಗ ನೆಂಟರೆಲ್ಲ ‘ಕಂಪ್ಯೂಟರ್ ಸೈನ್ಸ್ ಸಿಗಲಿಲ್ವಾ?’ ಅಂತಲೇ ಕೇಳಿದರು. ಸಿಗುತ್ತಿತ್ತು. ನನಗೆ ಇದೇ ಬೇಕಿತ್ತು. ನಮ್ಮೂರಲ್ಲಿ ಟಿಸಿ (ಊರಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್) ಸುಟ್ಟರೆ ಇನ್ನೊಂದು ಬರುವ ತನಕ ಗದ್ದೆಗೂ ನೀರಿಲ್ಲ, ಮನೆಗೂ ನೀರಿಲ್ಲ. ಅದು ಯಾಕೆ ಸುಡುತ್ತದೆ ಅಂತ ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದೆ. ಅಪ್ಪ ‘ನಿಂಗೆ ಯಾವುದು ಇಷ್ಟನೋ ಅದನ್ನೇ ಓದು, ಫೀಸಿನ ಚಿಂತೆ ನಂದು’ ಅಂದರು. ಶುಂಠಿ ರೇಟು ಬಿದ್ದ ವರ್ಷವೂ ಆ ಮಾತು ತಪ್ಪಲಿಲ್ಲ. ಅಪ್ಪ, ನಿಮಗೆ ಏನು ಹೇಳಿದರೂ ಕಡಿಮೆಯೇ.

ಆದರೆ ಇಷ್ಟ ಇದ್ದರೆ ಸಾಲದು, ಅಲ್ವಾ? ಕಾಲೇಜಿಗೆ ಬರುವ ಕಂಪನಿಗಳಲ್ಲಿ ಜಾಸ್ತಿ ಸಾಫ್ಟ್‌ವೇರ್‌ನವೇ. ಎಲೆಕ್ಟ್ರಿಕಲ್ ಓದಿದವರು ದಿನಾ ಬೆಳಗ್ಗೆ ಎದ್ದು ಯಾವ ಕೆಲಸಕ್ಕೆ ಹೋಗುತ್ತಾರೆ ಅನ್ನುವುದೇ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ಮೊದಲು ಬಿಡಿಸಿ ಹೇಳಿದ್ದು ನಮ್ಮ ಬ್ರಾಂಚಿನಲ್ಲೇ ಓದಿ ಈಗ ಸಬ್‌ಸ್ಟೇಷನ್‌ನಲ್ಲಿ ಎಇ (ಅಸಿಸ್ಟೆಂಟ್ ಇಂಜಿನಿಯರ್) ಆಗಿರುವ ಅಕ್ಕ. ಹಾಸನಾಂಬೆ ದರ್ಶನಕ್ಕೆ ಅಂತ ಊರಿಗೆ ಬಂದಿದ್ದವರು ಒಂದು ಮಧ್ಯಾಹ್ನ ಪೂರ್ತಿ ನನಗೆ ಕೊಟ್ಟರು. ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, 3 ಗಂಟೆ, 65 ಪ್ರಶ್ನೆ, 100 ಅಂಕ, ಸ್ಕೋರ್ 3 ವರ್ಷ ನಡೆಯುತ್ತದೆ, ಎಂಟೆಕ್‌ಗೂ ಆಗುತ್ತದೆ, ಕೆಲವು ಕೇಂದ್ರ ಸರ್ಕಾರಿ ಕಂಪನಿಗಳು ಕೆಲಸಕ್ಕೂ ಅದನ್ನೇ ನೋಡುತ್ತವೆ ಅಂತ ಅವರಿಂದಲೇ ತಿಳಿಯಿತು. ಡಿಗ್ರಿ ಆದ ಮೇಲೆ ಸ್ಟೈಪೆಂಡ್ ತಗೊಂಡು ಒಂದು ವರ್ಷ ಅಪ್ರೆಂಟಿಸ್ ಆಗಬಹುದು ಅನ್ನುವುದೂ ನಮ್ಮ ಕ್ಲಾಸಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ಅಕ್ಕ ಹೇಳಿದ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ‘ಕೆಲಸದ ಜಾಹೀರಾತು ಈಗಿನಿಂದಲೇ ಓದು. ಅರ್ಜಿ ಹಾಕೋಕಲ್ಲ, ಅವರು ಏನು ಕೇಳ್ತಾರೆ ಅಂತ ನೋಡೋಕೆ.’ ನಾನೂ ನನ್ನ ಗೆಳತಿಯೂ ಎರಡನೇ ವರ್ಷದಲ್ಲೇ ಶುರು ಮಾಡಿದೆವು. ಅವಳದು ಎಲೆಕ್ಟ್ರಾನಿಕ್ಸ್, ಇಸ್ರೋ ಸೇರಬೇಕು ಅನ್ನುವ ಆಸೆ. ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಎಂಸಿಎಫ್ 1982ರಿಂದ ನಮ್ಮ ಹಾಸನದಲ್ಲೇ ಇದೆ, ಆಸೆ ಹುಟ್ಟದೇ ಇರುತ್ತಾ? ಇಸ್ರೋ ಜಾಹೀರಾತಿನಲ್ಲಿ ಬಿಇಗೆ ಕನಿಷ್ಠ 65% ಇಲ್ಲವೇ 6.84 ಸಿಜಿಪಿಎ ಕೇಳಿದ್ದರು. ಅದನ್ನು ಕೊನೇ ಸೆಮಿಸ್ಟರ್‌ನಲ್ಲಿ ನೋಡಿದ್ದರೆ ಏನು ಮಾಡೋಕಾಗುತ್ತಿತ್ತು? ಮೊದಲೇ ಗೊತ್ತಿದ್ದರಿಂದ ಅವಳು ಪ್ರತಿ ಸೆಮಿಸ್ಟರ್‌ನಲ್ಲೂ ಅದಕ್ಕಿಂತ ಮೇಲೇ ಇದ್ದಳು. ಈಗ ಓದುತ್ತಿದ್ದಾಳೆ, ಖಂಡಿತ ಆಗುತ್ತದೆ ಅಂತ ನನಗೆ ನಂಬಿಕೆ ಇದೆ.

ನಾನು ನೋಡಿದ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಮೋಟಾರ್, ಟ್ರಾನ್ಸ್‌ಫಾರ್ಮರ್, ಇನ್ಸುಲೇಷನ್ ಟೆಸ್ಟ್. ಪುಸ್ತಕದಲ್ಲಿ ಓದಿದ್ದೆ, ಕೈಯಲ್ಲಿ ಮುಟ್ಟಿರಲಿಲ್ಲ. ಹಾಗಾಗಿ ಸುಟ್ಟ ಮೋಟಾರ್‌ಗೆ ಹೊಸ ತಂತಿ ಸುತ್ತಿಕೊಡುವ ಹಾಸನದ ಒಂದು ರಿವೈಂಡಿಂಗ್ ಅಂಗಡಿಗೆ ಹೋಗಿ ರಜೆಯಲ್ಲಿ ಬಂದು ಕಲಿಯಲಾ ಅಂತ ಕೇಳಿದೆ. ‘ಬಾರವ್ವ, ಆದ್ರೆ ಸುಮ್ನೆ ನಿಂತು ನೋಡೋದಲ್ಲ, ಕೆಲಸ ಮಾಡ್ಬೇಕು’ ಅಂದರು ಮೇಸ್ತ್ರಿ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚೂ ಇರಲಿಲ್ಲ, ರಜೆ ಸಿಕ್ಕಾಗೆಲ್ಲ ಹೋದೆ.

ಒಂದು ದಿನ ಸುಟ್ಟ ಎರಡು ಮೋಟಾರ್ ಬಿಚ್ಚಿ ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಎರಡು ಫೇಸಿನ ಕಾಯಿಲ್ ಕರ್ರಗೆ ಸುಟ್ಟು, ಮೂರನೆಯದು ಹೊಸದರ ಹಾಗೇ ಇತ್ತು. ಇನ್ನೊಂದರಲ್ಲಿ ಒಂದೇ ಫೇಸ್ ಸುಟ್ಟು, ಎರಡು ಚೆನ್ನಾಗಿದ್ದವು. ‘ಎರಡಕ್ಕೂ ಕಾಯಿಲೆ ಒಂದೇ, ಹೇಳು ನೋಡೋಣ’ ಅಂದರು. ಲೈನಲ್ಲಿ ಒಂದು ಫೇಸ್ ಹೋದರೂ ಮೋಟಾರ್ ಓಡುತ್ತಲೇ ಇದ್ದು ಸುಟ್ಟಿದ್ದು ಅದು. ಸ್ಟಾರ್ ಕನೆಕ್ಷನ್ (ಮೂರೂ ಫೇಸಿನ ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿದ್ದು) ಇದ್ದರೆ ಉಳಿದ ಎರಡು ಫೇಸಿನಲ್ಲೇ ಕರೆಂಟ್ ಹರಿದು ಎರಡೂ ಹೋಗುತ್ತವೆ. ಡೆಲ್ಟಾ (ಮೂರನ್ನೂ ತ್ರಿಕೋನದ ಹಾಗೆ ಜೋಡಿಸಿದ್ದು) ಇದ್ದರೆ ಇರುವ ಎರಡು ಲೈನಿನ ಮಧ್ಯೆ ನೇರವಾಗಿ ಸಿಕ್ಕಿಕೊಂಡ ಒಂದೇ ಫೇಸ್ ಪೂರ್ತಿ ಹೊಡೆತ ತಿನ್ನುತ್ತದೆ. ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆದುಕೊಂಡದ್ದು ಅವತ್ತು ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಮಳೆಗಾಲದಲ್ಲಿ ನೀರು ಹೊಕ್ಕ ಮೋಟಾರ್‌ಗಳು ಸಾಲಾಗಿ ಬರುತ್ತಿದ್ದವು. ಒಳಗೆ ಬಲ್ಬ್ ಉರಿಸಿಟ್ಟು ಒಣಗಿಸುವುದು, ಮೊದಲೂ ಆಮೇಲೂ ಮೆಗ್ಗರ್ (ಇನ್ಸುಲೇಷನ್ ಕರೆಂಟ್ ಸೋರದಂತೆ ಎಷ್ಟು ತಡೆಯುತ್ತದೆ ಅಂತ ತೋರಿಸುವ ಮೀಟರ್) ಹಿಡಿದು ಅಳೆಯುವುದು. ಚೆನ್ನಾಗಿ ಒಣಗಿದ ವೈಂಡಿಂಗ್ ಆದರೆ ರೀಡಿಂಗ್ ನಿಧಾನವಾಗಿ ಏರುತ್ತಾ ಹೋಗುತ್ತದೆ, ತೇವ ಇದ್ದರೆ ಹೆಚ್ಚು ಏರುವುದೇ ಇಲ್ಲ. ಇಂಟರ್‌ವ್ಯೂನಲ್ಲಿ ಒಂದು ನಿಮಿಷದ ರೀಡಿಂಗ್ ಜೊತೆ ಹತ್ತು ನಿಮಿಷದ್ದನ್ನೂ ಯಾಕೆ ತಗೋತಾರೆ ಅಂತ ಕೇಳಿದಾಗ ನಾನು ಹೇಳಿದ್ದು ಇದನ್ನೇ. ಎಲ್ಲಿ ಕಲಿತಿರಿ ಅಂದರು. ಮೇಸ್ತ್ರಿ ಅಂಗಡಿ ಬಗ್ಗೆ ಹೇಳಿದೆ. ಅಲ್ಲಿಂದ ಮುಂದೆ ಪೂರ್ತಿ ಅಂಗಡಿಯದೇ ಮಾತು. ಮೇಸ್ತ್ರಿ, ನೀವು ಒಂದು ರೂಪಾಯಿ ತಗೊಳ್ಳದೆ ಕಲಿಸಿದಿರಿ. ನಿಮ್ಮ ಋಣ ದೊಡ್ಡದು.

ಮೆಷಿನ್ಸ್ ಲ್ಯಾಬಿನ ಮೇಡಂಗೂ ಥ್ಯಾಂಕ್ಸ್. ನನ್ನ ರೆಸ್ಯೂಮ್ ನೋಡಿ, ‘ಮೋಟಾರ್ ಗೊತ್ತು ಅಂತ ಬರೀಬೇಡ, ಏನು ಬಿಚ್ಚಿದೆ, ಏನು ಅಳೆದೆ, ಏನು ಕಂಡುಬಂತು ಅಂತ ಬರಿ’ ಅಂದವರು ಅವರು. ಊರಿನ ಟಿಸಿಗಳಿಗೆ ಅನ್ವಯಿಸುವ ಐಎಸ್ 1180 ಸ್ಟ್ಯಾಂಡರ್ಡ್ ಕೊಟ್ಟು ಓದು ಅಂದದ್ದೂ ಅವರೇ. ಟೆಸ್ಟಿಂಗ್ ಅನ್ನುವುದೇ ಒಂದು ದೊಡ್ಡ ಕೆಲಸ, ಫ್ಯಾಕ್ಟರಿಯಲ್ಲಿ ಅದಕ್ಕೇ ಜನ ಇರುತ್ತಾರೆ ಅಂತ ನನಗೆ ಹೊಳೆದದ್ದು ಅದನ್ನು ಓದುವಾಗ.

ಅಮ್ಮ ಬೆಳಗ್ಗಿನ ಬಸ್ಸಿಗೆ ಮುಂಚೆ ರೊಟ್ಟಿ ಕಟ್ಟಿಕೊಡುವುದನ್ನು ನಾಲ್ಕು ವರ್ಷವೂ ತಪ್ಪಿಸಲಿಲ್ಲ. ತಮ್ಮ ನನ್ನ ಪಾಲಿನ ಮನೆಗೆಲಸವನ್ನೂ ಮಾಡಿದ. ಇಬ್ಬರಿಗೂ ಪ್ರೀತಿ.

ಕೊನೆಗೆ ಜೂನಿಯರ್‌ಗಳಿಗೆ ಒಂದು ವಿಷಯ. ಎಲೆಕ್ಟ್ರಿಕಲ್ ಎರಡನೇ, ಮೂರನೇ ವರ್ಷದಲ್ಲಿ ಇರುವವರು ಯಾರಾದರೂ ಅಂಗಡಿಯಲ್ಲಿ ಕಲಿಯಬೇಕು ಅಂದರೆ ನನಗೆ ಹೇಳಿ, ಮೇಸ್ತ್ರಿ ಹತ್ತಿರ ಮಾತಾಡಿದ್ದೇನೆ, ಒಂದು ಸಲಕ್ಕೆ ಇಬ್ಬರು ಬರಲಿ ಅಂದಿದ್ದಾರೆ. ಶೂ ಹಾಕಿಕೊಂಡೇ ಬನ್ನಿ, ಚಪ್ಪಲಿಯಲ್ಲಿ ಬಂದರೆ ಒಳಗೆ ಬಿಡುವುದಿಲ್ಲ. ಜಾಹೀರಾತು ಓದಿ ನಾನು ಬರೆದುಕೊಂಡ ನೋಟ್ಸ್ ಕೂಡ ಇದೆ, ಬೇಕಾದವರು ಕೇಳಿ, ಫೋಟೋ ತೆಗೆದು ಕಳಿಸುತ್ತೇನೆ.