ಬಸ್ಸು ಹತ್ತುವ ತಾರೀಖು ಯಾವುದೆಂದು ಸರಿಯಾಗಿ ಬರೆಯಿರಿ

ಮಾನ್ಯ ಸಂಪಾದಕರೇ,

ಪುಣೆಯ ಹಡಪ್ಸರ್‌ನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಇಂಡಿ, ಸಿಂದಗಿ, ಆಳಂದ, ಜೇವರ್ಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಊರಿಗೆ ಹೋಗುವಾಗ ನನ್ನಲ್ಲೇ ಟಿಕೆಟ್ ಮಾಡಿಸುತ್ತಾರೆ. ಹಾಗಾಗಿ ಈ ದಾರಿಯ ಖಾಸಗಿ ಬಸ್ ಕಂಪನಿಗಳ ವೆಬ್‌ಸೈಟ್‌ಗಳನ್ನು ದಿನಾ ನೋಡುತ್ತೇನೆ. ಬಸ್ಸುಗಳಲ್ಲಿ ಅಂಥ ವ್ಯತ್ಯಾಸವಿಲ್ಲ. ವೆಬ್‌ಸೈಟ್‌ಗಳಲ್ಲಿ ಇದೆ, ಅದೂ ಜಾಸ್ತಿ.

ಎಲ್ಲಕ್ಕಿಂತ ದೊಡ್ಡ ತೊಂದರೆ ತಾರೀಖಿನದು. ಮುಂಬೈಯಿಂದ ರಾತ್ರಿ ಬಿಡುವ ಬಸ್ಸು ಹಡಪ್ಸರ್‌ಗೆ ಬರುವಾಗ ಹನ್ನೆರಡು ದಾಟಿರುತ್ತದೆ. ಶನಿವಾರ ರಾತ್ರಿ ಊಟ ಮುಗಿಸಿ ಹೊರಡುವವರಿಗೆ ಅದು ಶನಿವಾರದ ಬಸ್ಸೇ. ಒಂದು ಕಂಪನಿ ಮುಂಬೈ ಬಿಡುವ ತಾರೀಖು ಹಾಕುತ್ತದೆ. ಅಲ್ಲಿ ಶನಿವಾರ ಒತ್ತಬೇಕು. ಇನ್ನೊಂದು ಕಂಪನಿ ಹಡಪ್ಸರ್‌ನಲ್ಲಿ ಹತ್ತುವ ತಾರೀಖು ಹಾಕುತ್ತದೆ. ಅಲ್ಲಿ ಭಾನುವಾರ ಒತ್ತಬೇಕು. ಇದನ್ನು ಇಬ್ಬರೂ ಎಲ್ಲೂ ಹೇಳುವುದಿಲ್ಲ. ಕಳೆದ ಪಂಚಮಿಗೆ ತವರಿಗೆ ಹೊರಟ ಹೆಣ್ಣುಮಗಳೊಬ್ಬಳು ಮೊಬೈಲ್‌ನಲ್ಲಿ ತಾನೇ ಈ ಎರಡನೇ ಕಂಪನಿಯ ಶನಿವಾರದ ಟಿಕೆಟ್ ತೆಗೆದಿದ್ದಳು. ಎರಡು ಮಕ್ಕಳು, ಎರಡು ಚೀಲ ಹಿಡಿದು ಶನಿವಾರ ರಾತ್ರಿ ರಸ್ತೆ ಬದಿ ನಿಂತಳು. ಅವಳ ಬಸ್ಸು ಹಿಂದಿನ ರಾತ್ರಿಯೇ ಹೋಗಿತ್ತು. ದುಡ್ಡೂ ವಾಪಸ್ ಬರಲಿಲ್ಲ. ಇದು ಅವಳ ತಪ್ಪಲ್ಲ, ಪೂರ್ತಿ ಕಂಪನಿಯ ತಪ್ಪು. ಯಾಕೆಂದರೆ ಇದೇ ದಾರಿಯ ಮೂರನೇ ಕಂಪನಿಯೊಂದು ಹತ್ತುವ ಜಾಗದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ‘ಶನಿವಾರ ರಾತ್ರಿ ಕಳೆದು ಭಾನುವಾರ 12.20’ ಎಂದು ಇಂಗ್ಲಿಷ್‌ನಲ್ಲಿ ಬರೆಯುತ್ತದೆ. ಒಂದೇ ಸಾಲು. ಆ ಕಂಪನಿಯ ಟಿಕೆಟ್ ತೆಗೆದವರು ಯಾರೂ ತಾರೀಖು ತಪ್ಪಿತು ಅಂತ ನನ್ನ ಅಂಗಡಿಗೆ ಬಂದಿಲ್ಲ.

ಹತ್ತುವ ಜಾಗವೂ ಹಾಗೇ. ಬರೀ ‘ಹಡಪ್ಸರ್’ ಅಂದರೆ ಇಲ್ಲಿನ ಗಾಡಿತಳ ಸ್ಟಾಪೋ, ಹದಿನೈದು ನಂಬರ್ ಸ್ಟಾಪೋ? ಜನ ಮೇಲ್ಸೇತುವೆ ಕೆಳಗೆ ಕಾಯುತ್ತಿದ್ದರೆ ಬಸ್ಸು ಮೇಲಿಂದ ಹೋಗಿಬಿಡುತ್ತದೆ. ಒಳ್ಳೆಯ ವೆಬ್‌ಸೈಟಿನಲ್ಲಿ ಮ್ಯಾಪ್ ಇರುತ್ತದೆ, ಎದುರಿಗಿರುವ ಅಂಗಡಿಯ ಗುರುತು ಇರುತ್ತದೆ.

ಊರಿನ ಹೆಸರು ನೋಡಿ. ಗುಲ್ಬರ್ಗಾ ಕಲಬುರಗಿ ಆಗಿದ್ದು, ಬಿಜಾಪುರ ವಿಜಯಪುರ ಆಗಿದ್ದು 2014ರ ನವೆಂಬರ್ 1ರಂದು. ಒಂದು ವೆಬ್‌ಸೈಟಿನಲ್ಲಿ ಕಲಬುರಗಿ ಅಂತ ಟೈಪ್ ಮಾಡಿದರೆ ಇವತ್ತಿಗೂ ಬಸ್ಸಿಲ್ಲ ಎನ್ನುತ್ತದೆ. ಹಳೇ ಹೆಸರು ಹಾಕಿದರೆ ಸಾಲುಸಾಲು ಬಸ್ಸು! ಬೇರೆ ಕಂಪನಿಗಳಲ್ಲಿ ಯಾವ ಹೆಸರು ಹಾಕಿದರೂ ಊರು ಸಿಗುತ್ತದೆ.

ದುಡ್ಡಿನ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮೊದಲು ಒಂದು ದರ ತೋರಿಸುತ್ತಾರೆ. ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲ ತುಂಬಿದ ಮೇಲೆ ಕನ್ವೀನಿಯನ್ಸ್ ಫೀ ಸೇರುತ್ತದೆ, ಕೇಳದ ಇನ್ಶೂರೆನ್ಸ್‌ಗೆ ಮೊದಲೇ ಟಿಕ್ ಬಿದ್ದಿರುತ್ತದೆ. ಎಸಿ ಬಸ್ಸಿನ 5% ಜಿಎಸ್‌ಟಿ ಅವರಿಗೆ ಗೊತ್ತಿರುವ ಲೆಕ್ಕವೇ. ಮೊದಲೇ ಸೇರಿಸಿ ತೋರಿಸಬಹುದು ಅಲ್ವಾ? ದಿನಗೂಲಿಯವರು ದುಡ್ಡು ಎಣಿಸಿಕೊಂಡು ಬಂದಿರುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ ‘ಡಾರ್ಕ್ ಪ್ಯಾಟರ್ನ್’, ಅಂದರೆ ವೆಬ್‌ಸೈಟಿನಲ್ಲಿ ಗ್ರಾಹಕರನ್ನು ಯಾಮಾರಿಸುವ ತಂತ್ರಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆಗಳ ಪಟ್ಟಿ ಇದೆ. ಕೇಳದ್ದನ್ನು ಬಿಲ್ಲಿಗೆ ಸೇರಿಸುವುದು, ಪೂರ್ತಿ ದರವನ್ನು ಕೊನೆವರೆಗೂ ಮುಚ್ಚಿಡುವುದು ಎರಡೂ ಅದರಲ್ಲಿವೆ. ಇಂಥದ್ದು ಕಂಡವರು ಸುಮ್ನೆ ಬಿಡದೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಕಂಪನಿಗಳವರಲ್ಲಿ ನನ್ನ ಕೋರಿಕೆ ಇಷ್ಟೇ. ದೀಪಾವಳಿ ಟಿಕೆಟ್ ಬಿಡುವ ಮೊದಲು ತಾರೀಖಿನ ಆ ಒಂದು ಸಾಲನ್ನಾದರೂ ಸೇರಿಸಿ. ಅದು ಕನ್ನಡದಲ್ಲೂ ಇರಲಿ. ಈ ಬಸ್ಸುಗಳಲ್ಲಿ ಹೋಗುವ ಬಹಳ ಜನಕ್ಕೆ ಕನ್ನಡವಲ್ಲದೆ ಬೇರೆ ಓದಲು ಬರುವುದಿಲ್ಲ.

— ಒಬ್ಬ ಓದುಗ, ಹಡಪ್ಸರ್, ಪುಣೆ