ಗಾಳಿ ಏಳುವುದರೊಳಗೆ

ಅಣ್ಣ ಹೋಗಿ ಇವತ್ತಿಗೆ ಹದಿನೈದು ದಿನ. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಲೇ ಕರೆದು ರೂಢಿ. ಹದಿಮೂರನೇ ದಿನದ ಊಟ ಮುಗಿಯಿತು, ನೆಂಟರೆಲ್ಲ ಹೊರಟರು. ಈಗ ಒಬ್ಬೊಬ್ಬರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂದರೆ ಎರಡನೇ ಮಾತಿಗೇ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣನನ್ನು ಮೈಸೂರಿನಲ್ಲಿ ನೋಡಿದವರಿಗೆ ಅವರು ಬೆಳಿಗ್ಗೆಯ ಮನುಷ್ಯ ಅಂತ ಗೊತ್ತು. ಬ್ಯಾಂಕ್, ತರಕಾರಿ, ಕರೆಂಟ್ ಬಿಲ್ಲು, ಮದುವೆಗೆ ಹೋಗಿ ಅಕ್ಷತೆ ಹಾಕಿ ಬರುವುದು, ಎಲ್ಲವೂ ಹನ್ನೆರಡರೊಳಗೆ ಮುಗಿಯಬೇಕು. ತಡ ಮಾಡಿದರೆ, 'ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ ಕಣೋ' ಅನ್ನುತ್ತಿದ್ದರು. ಕುವೆಂಪುನಗರದಲ್ಲಿ ಎಂಥ ಗಾಳಿ? ಅದು ಲಡಾಖ್‌ನ ಲೇಹ್‌ನ ಗಾಳಿ.

ವಾಯುಪಡೆಯಲ್ಲಿ ಅಣ್ಣ ಸಾಗಣೆ ವಿಮಾನದ ಪೈಲಟ್. ಮೊದಲು ಪ್ಯಾಕೆಟ್ ಅನ್ನುವ ಅಮೆರಿಕದ ವಿಮಾನ, ಕೊನೆಯ ವರ್ಷಗಳಲ್ಲಿ ಎಎನ್-32. ಫೈಟರ್ ಹಾರಿಸಿದವರ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ, ಅಲ್ವಾ? ಅಣ್ಣನಿಗೆ ಅದರ ಬಗ್ಗೆ ಬೇಜಾರೇನೂ ಇರಲಿಲ್ಲ. 'ನಾವು ಲಾರಿಯವರು' ಎಂದು ನಗುತ್ತಿದ್ದರು. ಲೇಹ್ ವಿಮಾನ ನಿಲ್ದಾಣ 10,500 ಅಡಿಗೂ ಮೇಲಿದೆ, ಸುತ್ತ ಬೆಟ್ಟ. ಬಿಸಿಲೇರಿದರೆ ತೆಳು ಗಾಳಿ ಇನ್ನೂ ತೆಳುವಾಗುತ್ತದೆ, ಮೇಲಿಂದ ಬೀಸುಗಾಳಿ ಬೇರೆ. ಹಾಗಾಗಿ ನಸುಕಿನಲ್ಲೇ ಹೊರಟು, ಲೋಡ್ ಇಳಿಸಿ, ಗಾಳಿ ಏಳುವುದರೊಳಗೆ ವಾಪಸ್ ಹಾರಬೇಕು. ಪ್ಯಾಕೆಟ್‌ನ ಎರಡು ಪಿಸ್ಟನ್ ಎಂಜಿನ್ ಆ ಎತ್ತರಕ್ಕೆ ಸಾಲದು ಅಂತ ಅದರ ಬೆನ್ನ ಮೇಲೊಂದು ಜೆಟ್ ಎಂಜಿನ್ ಕೂರಿಸಿದ್ದರು. ಅಣ್ಣ ಹಾರಿಸಿದ ವಿಮಾನಗಳಲ್ಲಿ ಅದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಆರ್ಫಿಯಸ್. 'ನನ್ನನ್ನ ಹೊತ್ತು ಹಿಮಾಲಯ ದಾಟಿಸಿದವರು ಬೆಂಗಳೂರಿನವರು' ಅಂತ ಹೇಳದ ದಿನವಿಲ್ಲ.

ಆದರೆ 1971ರ ಯುದ್ಧದ ಬಗ್ಗೆ ಮಾತು ಕಡಿಮೆ. ಆ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಂಗೈಲ್‌ನಲ್ಲಿ ಪ್ಯಾರಾಚೂಟ್ ಸೈನಿಕರನ್ನು ಇಳಿಸಿದ ವಿಮಾನಗಳಲ್ಲಿ ಪ್ಯಾಕೆಟ್‌ಗಳೂ ಇದ್ದವು. ಒಮ್ಮೆ ಮಾತ್ರ ಅಣ್ಣ ಅಂದಿದ್ದರು: 'ಹುಡುಗರು ಹಾರಿದ ಮೇಲೆ ವಿಮಾನ ಹಗುರ ಆಗುತ್ತೆ. ಆ ಹಗುರ ನನಗೆ ಹಿಡಿಸಲಿಲ್ಲ.' ಆಮೇಲೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರು.

ಮನೆಯ ಭಾರವನ್ನೆಲ್ಲ ಹೊತ್ತವರು ಅಮ್ಮ. ಅದನ್ನೂ ಹೇಳಲೇಬೇಕು. ವರ್ಗಾವಣೆ ಬಂದಾಗಲೆಲ್ಲ ಕಪ್ಪು ಟ್ರಂಕುಗಳನ್ನು ಕಟ್ಟಿದ್ದು, ಹೊಸ ಊರಿನಲ್ಲಿ ಹಾಲಿನವರನ್ನು ಹುಡುಕಿದ್ದು, ನನ್ನ ಟೈಫಾಯ್ಡ್ ನೋಡಿಕೊಂಡಿದ್ದು ಎಲ್ಲ ಅಮ್ಮನೇ. ನಾನು ಹುಟ್ಟಿದಾಗ ಅಣ್ಣ ಚಂಡೀಗಢದಲ್ಲಿದ್ದರು, ಮುಖ ನೋಡಿದ್ದು ನಲವತ್ತು ದಿನ ಕಳೆದ ಮೇಲೆ. ಆ ಸಾಲ ತೀರಿಸಲೋ ಏನೋ, ನಿವೃತ್ತಿಯಾದ ಮೇಲೆ ಅಡುಗೆಮನೆಯ ಬೆಳಗಿನ ಪಾಳಿಯನ್ನು ಅಣ್ಣ ತಾವೇ ವಹಿಸಿಕೊಂಡರು. ಅವರ ಉಪ್ಪಿಟ್ಟು ಸುಮಾರು. ಕಾಫಿ ಮಾತ್ರ ಬೊಂಬಾಟ್.

ಈಗ ಋಣದ ಲೆಕ್ಕ. ಬಿದ್ದು ಸೊಂಟ ಮುರಿದ ಮೇಲಿನ ಮೂರು ತಿಂಗಳು ರಾತ್ರಿ ಪಾಳಿಗೆ ಬಂದ ಸಿಸ್ಟರ್, ಅವರನ್ನು 'ಸರ್' ಅಂತಲೇ ಕರೆದಿರಿ. ಮಗುಚಿ ಮಲಗಿಸುವ ಮೊದಲು ಪ್ರತಿ ಸಲ ಅನುಮತಿ ಕೇಳಿದಿರಿ. ಅದು ಅಣ್ಣನಿಗೆ ಮದ್ದಿಗಿಂತ ಹೆಚ್ಚು ಕೆಲಸ ಮಾಡಿತು. ಎದುರು ಮನೆಯ ಅಕ್ಕ, ನೀವು ಕಳಿಸಿದ ತಿಳಿಸಾರು ಇಲ್ಲದಿದ್ದರೆ ಅಮ್ಮ ಆ ವಾರ ಏನೂ ಮುಟ್ಟುತ್ತಿರಲಿಲ್ಲ. ಎಂಬತ್ತು ದಾಟಿದ ಕೋರ್ಸ್‌ಮೇಟ್‌ಗಳು, ಕೋಲು ಊರಿಕೊಂಡು ಬಂದು, ಕೋಲನ್ನು ಪಕ್ಕದವರ ಕೈಗೆ ಕೊಟ್ಟು ಸಲ್ಯೂಟ್ ಹೊಡೆದಿರಿ. ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ.

ಇನ್ನೊಬ್ಬರು ಹಾಸನದ ಕಡೆಯ ಹಳೇ ಸಿಪಾಯಿ. ಪರಿಚಯ ಇಲ್ಲ, ಯಾರೋ ಹೇಳಿದರಂತೆ, ಬಸ್ಸು ಹತ್ತಿ ಬಂದರು. ಚಳಿಗಾಲಕ್ಕೆ ಜೋಜಿಲಾ ಕಣಿವೆ ದಾರಿ ಮುಚ್ಚಿ ರಸ್ತೆ ಇಲ್ಲದಾಗ, ರಜೆ ಸಿಕ್ಕರೂ ಲೇಹ್‌ನಲ್ಲೇ ಹನ್ನೊಂದು ದಿನ ಆಕಾಶ ನೋಡುತ್ತಾ ಕೂತಿದ್ದರಂತೆ. ಕೊನೆಗೆ ಒಂದು ಪ್ಯಾಕೆಟ್ ಬಂತು. ತಾಯಿಯ ಮುಖ ಸಿಕ್ಕಿತು. 'ಓಡಿಸಿದವರು ಯಾರೋ ಗೊತ್ತಿಲ್ಲ ಸಾರ್. ಇವರೇ ಇರಬಹುದು, ಬೇರೆಯವರೂ ಇರಬಹುದು. ಬಂದು ಕೈ ಮುಗಿದು ಹೋಗೋಣ ಅನ್ನಿಸ್ತು' ಅಂದರು. ನಿಮ್ಮ ಹೆಸರು ಬರೆದುಕೊಳ್ಳಲಿಲ್ಲ. ತಪ್ಪಾಯಿತು.

ಕೊನೆಯ ದಿನ ತಂಗಿಯ ರೈಲು ತಡವಾಯಿತು. ಬೆಳಿಗ್ಗೆಯೇ ಡಾಕ್ಟರು ಕೈಚೆಲ್ಲಿದ್ದರು. ಹನ್ನೆರಡಾಯಿತು, ಎರಡಾಯಿತು. ಅಣ್ಣ ಕಾದರು. ಐದಕ್ಕೆ ಅವಳು ಬಂದು ಕೈ ಹಿಡಿದಳು, ಐದೂವರೆಗೆ ಹೊರಟರು. ಗಾಳಿ ಎದ್ದ ಮೇಲೆ ಅವರು ಹೊರಟಿದ್ದು ಅದೊಂದೇ ಸಲ.

ಅಂದಹಾಗೆ, ನೀವೆಲ್ಲ ಊಟ ಕಳಿಸಿದ ಟಿಫಿನ್ ಕ್ಯಾರಿಯರ್‌ಗಳಲ್ಲಿ ಏಳು ಇಲ್ಲೇ ಉಳಿದಿವೆ. ಯಾವುದು ಯಾರದ್ದೋ ಗೊತ್ತಾಗುತ್ತಿಲ್ಲ. ತೊಳೆದು ಅಣ್ಣನ ಟ್ರಂಕಿನ ಮೇಲೆ ಸಾಲಾಗಿ ಇಟ್ಟಿದ್ದೇವೆ. ಬಂದು ತೆಗೆದುಕೊಂಡು ಹೋಗಿ, ಕಾಫಿ ಕುಡಿದು ಹೋದರಾಯಿತು. ಹನ್ನೆರಡರೊಳಗೆ ಬನ್ನಿ.