ಮಿನಾರಿನ ಗೆರೆ ಹೂಜಿಯ ಮೇಲೆ

ದೋಸ್ತ ಶರಣಪ್ಪ,

ನಿನ್ನ ಹೂಜಿಗಳ ಫೋಟೊ ನೋಡಿದೆ. ಮೈಕಟ್ಟು ಚೆಂದ, ಚಿತ್ತಾರ ಮಾತ್ರ ಕೂತಿಲ್ಲ. ಚಪ್ಪಟೆ ಕಾಗದದ ಹೂವನ್ನು ಹಾಗೇ ಎತ್ತಿಟ್ಟರೆ ಹೊಟ್ಟೆಯ ಮೇಲೆ ಎಸಳು ಹಿಗ್ಗಿದಂತೆ ಕಾಣುತ್ತದೆ, ಕೊರಳ ಹತ್ತಿರ ಇಕ್ಕಟ್ಟಾಗುತ್ತದೆ. ದುಂಡನೆಯ ಗಡಿಗೆಗೆ ದುಂಡನೆಯ ವಸ್ತುವಿನ ಮೇಲಿನ ಚಿತ್ತಾರವನ್ನೇ ಹುಡುಕು.

ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಉಳಿದ ಮಿನಾರು ನೋಡು. ಬಣ್ಣದ ಹೆಂಚಿನ ಅಂಕುಡೊಂಕು ಪಟ್ಟಿ ದುಂಡು ಮೈಯನ್ನು ಸುತ್ತಿಕೊಂಡಿದೆ. ಅದನ್ನು ಹೂಜಿಗೆ ಇಳಿಸುವುದು ಹೀಗೆ: ಹೊಟ್ಟೆಗೆ ಕಾಗದದ ಪಟ್ಟಿ ಸುತ್ತಿ, ಬಿಚ್ಚಿ, ನಾಲ್ಕು ಸಲ ಅರ್ಧಕ್ಕೆ ಮಡಚು. 16 ಭಾಗ ಸಿಗುತ್ತದೆ. ಸುತ್ತಳತೆ 48 ಸೆಂ.ಮೀ. ಇದ್ದರೆ ಒಂದೊಂದು ಹಲ್ಲು 3 ಸೆಂ.ಮೀ. ಕೊರಳು 24 ಸೆಂ.ಮೀ. ಇದ್ದರೆ ಅಲ್ಲಿ ಒಂದೂವರೆಗೆ ಇಳಿದು ಗೆರೆಗಳು ಒಂದರೊಳಗೊಂದು ಸೇರುತ್ತವೆ. ಅಲ್ಲಿ 8 ಸಾಕು. ತಟ್ಟೆಗಾದರೆ ಸನ್ನತಿಯ ಹತ್ತಿರ ಕನಗನಹಳ್ಳಿ ಸ್ತೂಪದ ಕಲ್ಲಿನ ಕಮಲ ಸರಿಹೋಗುತ್ತದೆ.

ಬೀದರಿನ ಕಪ್ಪು ಲೋಹದ ಕುಸುರಿ ಕಲೆ ಬಿದರಿಯಿಂದ ಹೂಬಳ್ಳಿಗಿಂತ ಹೆಚ್ಚಾಗಿ ಕೆಲಸದ ಕ್ರಮವನ್ನು ಕಲಿ. ಅಲ್ಲಿ ಗೆರೆ ಕೊರೆದು ಬೆಳ್ಳಿ ಬಡಿದು ಕೂಡಿಸುತ್ತಾರೆ, ನೀನು ಬಿಳಿ ಮಣ್ಣು ತುಂಬು. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಮಣ್ಣು ಅಂಟಬಾರದು. ಆ ಹದದಲ್ಲಿ 2 ಮಿ.ಮೀ. ಅಗಲದ ಗೆರೆ ಕೊರೆ. ಹಸಿ ಇದ್ದರೆ ಅಂಚು ಮೇಲೆದ್ದು ಹರಿಯುತ್ತದೆ, ಒಣಗಿದ್ದರೆ ಚಕ್ಕೆ ಏಳುತ್ತದೆ. ಆ ಬಿಳಿಗೆ ಬರೀ ಚೀನಾ ಮಣ್ಣು ಹಾಕಿದರೆ ಆವಿಗೆಯ ಶಾಖಕ್ಕೆ ಗಟ್ಟಿಯಾಗದೆ ಪುಡಿಪುಡಿ ಉದುರುತ್ತದೆ; ಅರ್ಧದಷ್ಟು ಬಾಲ್ ಕ್ಲೇ ಎಂಬ ನುಣುಪು ಜಿಗುಟು ಮಣ್ಣು ಬೆರೆಸಿ ಗಟ್ಟಿ ಮೊಸರಿನಂತೆ ಕಲಸು. ನೀರು ಆರಿದಂತೆ ತಗ್ಗು ಬೀಳುವುದರಿಂದ ಮೂರು ಸಲ ತುಂಬಬೇಕು. ಎರಡೂ ಒಂದೇ ಹದಕ್ಕೆ ಬಂದ ಮೇಲೆ ಲೋಹದ ಪಟ್ಟಿಯಿಂದ ಹೆರೆ. ಅವಸರ ಮಾಡಿದರೆ ಬಿಳಿ ಕೆಂಪಿನ ಮೇಲೆಲ್ಲ ಬಳಿದುಕೊಳ್ಳುತ್ತದೆ. ಬಿದರಿಯ ಕಪ್ಪು ಬೇಕೆಂದು ಆವಿಗೆಯಲ್ಲಿ ಹೊಗೆ ಕಟ್ಟಬೇಡ, ಹೊಗೆ ಬಿಳಿಯನ್ನೂ ಬಿಡುವುದಿಲ್ಲ. ಕೆಂಪು ಮೈಗೆ ಬಿಳಿ ಗೆರೆ, ಅದೇ ಚೆಂದ.

ಮಣ್ಣಿನ ಬಗ್ಗೆ ಎಚ್ಚರ. ಎರೆ ಮಣ್ಣು ಒಣಗುವಾಗ ವಿಪರೀತ ಕುಗ್ಗಿ ಬಿರಿಯುತ್ತದೆ. ನಿಮ್ಮ ಸೇಡಂ ಕಡೆ ನೆಲದಲ್ಲಿ ಸುಣ್ಣದ ಕಲ್ಲಿನ ಹರಳು ಬೇರೆ. ಸುಟ್ಟ ಮೇಲೆ ಅದು ಗಾಳಿಯ ತೇವ ಹೀರಿ ಉಬ್ಬಿ, ಕೆಲವು ದಿನಗಳಲ್ಲಿ ಚಿತ್ತಾರದ ಸಮೇತ ಚಕ್ಕೆ ಎಬ್ಬಿಸುತ್ತದೆ. ಮಣ್ಣನ್ನು ನೀರಲ್ಲಿ ಕದಡಿ 60 ಮೆಶ್ (ಅಂಗುಲಕ್ಕೆ 60 ಕಣ್ಣಿನ) ಜರಡಿಯಲ್ಲಿ ಸೋಸು.

ಹೂಜಿಗೆ ಕೈ ಹಾಕುವ ಮೊದಲು ಹಸಿ ಮಣ್ಣಿನ ಬಿಲ್ಲೆಯ ಮೇಲೆ 10 ಸೆಂ.ಮೀ. ಗೆರೆ ಎಳೆದು, ಬಿಳಿ ತುಂಬಿ, ಸುಟ್ಟು ಅಳೆ. 9ಕ್ಕೆ ಇಳಿದರೆ ನಿನ್ನ 3 ಸೆಂ.ಮೀ. ಹಲ್ಲು 2.7 ಆಗುತ್ತದೆ. ಆ ಬಿಲ್ಲೆಯ ಫೋಟೊ ಕಳಿಸು.

ನಿನ್ನ ಗೆಳೆಯ